ಹೊಟ್ಟೆನೋವು: ಡಾಕ್ಟರ ಅಂದಾಜನ್ನು ನಂಬಬೇಕೋ, ಸ್ಕೋರ್ ಅನ್ನು ನಂಬಬೇಕೋ?

ಪ್ರಶ್ನೆ: ನನ್ನ 19 ವರ್ಷದ ಮಗಳಿಗೆ ಒಂದು ರಾತ್ರಿ ಜೋರು ಹೊಟ್ಟೆನೋವು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡ್ಯೂಟಿ ಡಾಕ್ಟರ್ ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ಒಂದು ಪಟ್ಟಿ ನೋಡಿ ಅಂಕ ಕೂಡಿಸಿದರು. "ಐದು ಬಂದಿದೆ. ಅಪೆಂಡಿಸೈಟಿಸ್ ಇರಬಹುದು, ಇಲ್ಲದೆಯೂ ಇರಬಹುದು. ಬೆಳಗಿನ ತನಕ ನೋಡೋಣ" ಅಂದರು. ಬೆಳಿಗ್ಗೆ ಹಿರಿಯ ಸರ್ಜನ್ ಬಂದು ಮತ್ತೆ ನೋಡಿ, ಆಪರೇಷನ್ ಬೇಡ ಅಂದರು. ಮಗಳು ಈಗ ಆರಾಮಾಗಿದ್ದಾಳೆ. ಆದರೆ ಹೊಟ್ಟೆನೋವಿನ ಕಾರಣ ಹೇಳುವುದರಲ್ಲಿ ಐವತ್ತು ವರ್ಷದ ಹಿಂದೆಯೇ ಕಂಪ್ಯೂಟರ್ ಡಾಕ್ಟರುಗಳನ್ನು ಮೀರಿಸಿತ್ತು ಅಂತ ಎಲ್ಲೋ ಓದಿದ್ದೆ. ಹಾಗಿದ್ದರೆ ಈ ಕೆಲಸವನ್ನು ಪೂರ್ತಿ ಅದಕ್ಕೇ ಯಾಕೆ ಬಿಟ್ಟಿಲ್ಲ? ಇಲ್ಲ, ಅನುಭವವೇ ದೊಡ್ಡದು ಅನ್ನುವುದಾದರೆ ಅಂಕ ಕೂಡಿಸುವುದು ಯಾಕೆ? ಇಂಥ ಸ್ಕೋರ್ ಫೋನಿನಲ್ಲೂ ಸಿಗುತ್ತದೆ. ಮುಂದಿನ ಸಲ ಮನೆಯಲ್ಲೇ ಲೆಕ್ಕ ಹಾಕಿ ನೋಡಬಹುದೇ?

ಉತ್ತರ:

ಮಗಳು ಆರಾಮಾಗಿದ್ದಾಳೆ ಅಂತ ಓದಿ ಸಮಾಧಾನವಾಯಿತು. ನೀವು ಕೇಳಿರುವುದು ಹೊಟ್ಟೆಯ ಸರ್ಜನ್ ಆದ ನನಗೆ ತೀರಾ ಹತ್ತಿರದ ವಿಷಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಓದಿದ್ದು ನಿಜ. 1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಫ್. ಟಿ. ಡಿ ಡೊಂಬಾಲ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ದಿಢೀರ್ ಹೊಟ್ಟೆನೋವು ಅಂತ ಬಂದ 304 ರೋಗಿಗಳು ಅದರಲ್ಲಿ ಇದ್ದರು. ಒಂದು ಕಡೆ ಡಾಕ್ಟರುಗಳು ಎಂದಿನಂತೆ ನೋಡಿ ತಮ್ಮ ಅಭಿಪ್ರಾಯ ಬರೆದರು. ಇನ್ನೊಂದು ಕಡೆ ಅದೇ ಮಾಹಿತಿಯನ್ನು ಕಂಪ್ಯೂಟರಿಗೆ ಕೊಟ್ಟರು. ಕೊನೆಗೆ ಯಾವ ಕಾಯಿಲೆ ಅಂತ ಖಚಿತವಾದ ಮೇಲೆ ಎರಡನ್ನೂ ಹೋಲಿಸಿದರು. ಕಂಪ್ಯೂಟರ್ 91.8 ಶೇಕಡಾ ಸರಿ ಹೇಳಿತ್ತು. ತಂಡದ ಅತ್ಯಂತ ಹಿರಿಯ ಡಾಕ್ಟರ್ 79.6 ಶೇಕಡಾ ಸರಿ ಹೇಳಿದ್ದರು.

ಕಂಪ್ಯೂಟರ್ ಮಾಡಿದ್ದು ದೊಡ್ಡ ಜಾದೂ ಏನಲ್ಲ. 18ನೇ ಶತಮಾನದ ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಹೆಸರಿನಲ್ಲಿರುವ ಒಂದು ಲೆಕ್ಕ ಅದು. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ವಾಂತಿ ಇದೆಯೇ, ಒತ್ತಿದರೆ ನೋಯುತ್ತದೆಯೇ, ಹೀಗೆ ಒಂದೊಂದು ಲಕ್ಷಣವೂ ಒಂದೊಂದು ಕಾಯಿಲೆಯಲ್ಲಿ ಎಷ್ಟು ಜನರಿಗೆ ಇರುತ್ತದೆ ಅಂತ ಹಿಂದಿನ ರೋಗಿಗಳಿಂದ ಎಣಿಸಿಟ್ಟಿದ್ದರು. ಹೊಸ ರೋಗಿ ಬಂದಾಗ ಆ ಸಂಖ್ಯೆಗಳನ್ನು ಸೇರಿಸಿ, ಏಳು ಕಾಯಿಲೆಗಳಲ್ಲಿ ಯಾವುದರ ಸಾಧ್ಯತೆ ಜಾಸ್ತಿ ಅಂತ ಹೇಳಬೇಕು, ಅಷ್ಟೇ. ಅಪೆಂಡಿಸೈಟಿಸ್ ಅಂದರೆ ದೊಡ್ಡ ಕರುಳಿಗೆ ಅಂಟಿರುವ ಅಪೆಂಡಿಕ್ಸ್ ಎಂಬ ಪುಟ್ಟ ಬಾಲದ ಉರಿಯೂತ, ಪಿತ್ತಕೋಶದ ಉರಿಯೂತ, ಹೊಟ್ಟೆಹುಣ್ಣು ತೂತಾಗುವುದು, ಸಣ್ಣ ಕರುಳು ಕಟ್ಟಿಕೊಳ್ಳುವುದು, ಮೇದೋಜೀರಕ ಗ್ರಂಥಿಯ ಉರಿಯೂತ, ದೊಡ್ಡ ಕರುಳಿನ ಸಣ್ಣ ಚೀಲಗಳ ಉರಿಯೂತ. ಏಳನೆಯದು, ನಿರ್ದಿಷ್ಟ ಕಾರಣ ಸಿಗದ ಹೊಟ್ಟೆನೋವು. ಈ ಏಳನೆಯದನ್ನು ಸುಮ್ನೆ ಬಿಡಬೇಡಿ. ಹೊಟ್ಟೆನೋವು ಅಂತ ಆಸ್ಪತ್ರೆ ಸೇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಈ ಗುಂಪಿನವರು. ನಿಮ್ಮ ಮಗಳೂ ಬಹುಶಃ ಇವರಲ್ಲಿ ಒಬ್ಬಳು.

ಇಷ್ಟು ಓದಿದರೆ ಯಂತ್ರ ಗೆದ್ದಿತು, ಮಾತು ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ತಂಡ ಅದೇ ವರ್ಷ ಇನ್ನೊಂದು ಪ್ರಯೋಗ ಮಾಡಿತು. ಅಷ್ಟೊಂದು ಜನ ನೆನಪಿಟ್ಟುಕೊಳ್ಳದ ಆ ಪ್ರಯೋಗವೇ ನನ್ನ ಪ್ರಕಾರ ಮೊದಲಿನದಕ್ಕಿಂತ ದೊಡ್ಡದು. ಡಾಕ್ಟರುಗಳನ್ನು ಕೂರಿಸಿ ಕೇಳಿದರು: ಅಪೆಂಡಿಸೈಟಿಸ್ ಇರುವ ನೂರು ಜನರಲ್ಲಿ ಎಷ್ಟು ಜನರಿಗೆ ವಾಂತಿ ಇರುತ್ತದೆ? ಎಷ್ಟು ಜನರಿಗೆ ಹಸಿವು ಹೋಗಿರುತ್ತದೆ? ಅವರು ತಮ್ಮ ಅನುಭವದಿಂದ ಸಂಖ್ಯೆ ಹೇಳಿದರು. ಎಣಿಸಿಟ್ಟಿದ್ದ ನಿಜವಾದ ಸಂಖ್ಯೆಗಳನ್ನು ತೆಗೆದು, ಈ ಅಂದಾಜಿನ ಸಂಖ್ಯೆಗಳನ್ನೇ ಕಂಪ್ಯೂಟರಿಗೆ ಹಾಕಿದರು. ಲೆಕ್ಕ ಅದೇ, ಯಂತ್ರ ಅದೇ. ಆದರೂ ಅದರ ನಿಖರತೆ 91ರ ಸುತ್ತಿನಿಂದ ಸುಮಾರು 82ಕ್ಕೆ ಇಳಿಯಿತು. ಹೆಚ್ಚುಕಡಿಮೆ ಡಾಕ್ಟರುಗಳ ಮಟ್ಟಕ್ಕೇ ಬಂದು ನಿಂತಿತು.

ಅಂದರೆ ಡಾಕ್ಟರುಗಳು ಸೋತಿದ್ದು ಯೋಚಿಸುವುದರಲ್ಲಿ ಅಲ್ಲ. ಅವರ ಮನಸ್ಸಿನಲ್ಲಿದ್ದ ಸಂಖ್ಯೆಗಳೇ ತಪ್ಪಾಗಿದ್ದವು. ಇದು ಮನುಷ್ಯ ಸಹಜ. ಪುಸ್ತಕದಲ್ಲಿ ಬರೆದಂತೆಯೇ ಬಂದ ರೋಗಿ ನೆನಪಿನಲ್ಲಿ ಉಳಿಯುತ್ತಾನೆ. ಕೈತಪ್ಪಿ ಹೋಗಿ ಕಷ್ಟಕ್ಕೆ ಸಿಕ್ಕ ರೋಗಿ ಇನ್ನೂ ಗಟ್ಟಿಯಾಗಿ ಉಳಿಯುತ್ತಾನೆ. ಬಂದು, ಎರಡು ದಿನ ಮಲಗಿ, ಏನೂ ಇಲ್ಲದೆ ಮನೆಗೆ ಹೋದ ನೂರಾರು ಜನ ಮರೆತುಹೋಗುತ್ತಾರೆ. ಇಪ್ಪತ್ತು ವರ್ಷದ ಅನುಭವ ಅಂದರೆ ಇಪ್ಪತ್ತು ವರ್ಷದ ಎಣಿಕೆ ಅಲ್ಲ. ಅದರ ಮೇಲೆ, ರಾತ್ರಿ ರೋಗಿಯನ್ನು ನೋಡಿದ ಡಾಕ್ಟರಿಗೆ ಕೊನೆಗೆ ಏನಾಯಿತು ಅಂತ ತಿಳಿಯುವುದು ಎಷ್ಟು ಸಲ? ಅವರ ಡ್ಯೂಟಿ ಮುಗಿದಿರುತ್ತದೆ, ರೋಗಿ ಬೇರೆ ವಾರ್ಡಿಗೆ ಹೋಗಿರುತ್ತಾರೆ. ಫಲಿತಾಂಶ ತಿಳಿಯದ ಅಂದಾಜು ಎಷ್ಟು ವರ್ಷ ಮಾಡಿದರೂ ತಿದ್ದಿಕೊಳ್ಳುವುದಿಲ್ಲ.

ಇದು ಹೊಟ್ಟೆಗೆ ಮಾತ್ರ ಸೀಮಿತವೂ ಅಲ್ಲ. 1954ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಮೀಲ್ ತಜ್ಞರ ಅಂದಾಜನ್ನೂ ಸರಳ ಸೂತ್ರಗಳನ್ನೂ ಹೋಲಿಸಿ, ಸೂತ್ರಗಳು ಸರಿಸಮವಾಗಿಯೋ ಇನ್ನೂ ಚೆನ್ನಾಗಿಯೋ ಕೆಲಸ ಮಾಡುತ್ತವೆ ಅಂತ ತೋರಿಸಿದ್ದರು. 2000ದಲ್ಲಿ ಇಂಥ 136 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸೂತ್ರಗಳು ಸರಾಸರಿ 10 ಶೇಕಡಾದಷ್ಟು ಮುಂದಿದ್ದವು. ತಜ್ಞರು ಸ್ಪಷ್ಟವಾಗಿ ಮುಂದಿದ್ದ ಅಧ್ಯಯನಗಳು ಕೆಲವೇ. ನನ್ನ ವೃತ್ತಿಯವರಲ್ಲಿ ತುಂಬಾ ಜನರಿಗೆ ಇದನ್ನು ಒಪ್ಪಿಕೊಳ್ಳಲು ಇವತ್ತಿಗೂ ಕಷ್ಟ. ನಾನು ಒಪ್ಪುತ್ತೇನೆ.

ಆದರೆ ಲೀಡ್ಸ್‌ನ ಕತೆ ಇಲ್ಲಿಗೆ ಮುಗಿಯುವುದಿಲ್ಲ. 1974ರಲ್ಲಿ ಆ ತಂಡ ಇನ್ನೊಂದು ವರದಿ ಕೊಟ್ಟಿತು. ಈ ಸಲ ಅವರ ಗಮನ ಇದ್ದದ್ದು ಡಾಕ್ಟರುಗಳ ಮೇಲೆ. ಪ್ರಯೋಗ ನಡೆಯುತ್ತಿದ್ದ ಅವಧಿಯಲ್ಲಿ ಡಾಕ್ಟರುಗಳ ನಿರ್ಣಯವೂ ಸುಧಾರಿಸಿತ್ತು. ಹೊಟ್ಟೆ ತೆರೆದು ನೋಡಿದರೆ ಒಳಗೆ ಏನೂ ಇಲ್ಲದ ಆಪರೇಷನ್ನುಗಳು ಕಡಿಮೆಯಾಗಿದ್ದವು. ಪ್ರಯೋಗ ನಿಲ್ಲಿಸಿ ಕಂಪ್ಯೂಟರನ್ನು ಹಿಂದಕ್ಕೆ ತೆಗೆದುಕೊಂಡ ಮೇಲೆ ಡಾಕ್ಟರುಗಳ ಕೆಲಸ ಮತ್ತೆ ಹಳೆಯ ಮಟ್ಟದ ಕಡೆಗೆ ಜಾರಿತು. ಅದೇ ಡಾಕ್ಟರುಗಳು, ಅದೇ ಆಸ್ಪತ್ರೆ.

ಯಾಕೆ ಹೀಗೆ? ಉತ್ತರದ ಸುಳಿವು ಮುಂದಿನ ದೊಡ್ಡ ಅಧ್ಯಯನದಲ್ಲಿ ಇದೆ. ಅದು 1986ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಎಂಟು ಕೇಂದ್ರಗಳು, ಸುಮಾರು 250 ಡಾಕ್ಟರುಗಳು, 16,737 ರೋಗಿಗಳು. ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಮೊದಲ ನೋಟದ ನಿರ್ಣಯ ಸರಿಯಾಗುವ ಪ್ರಮಾಣ 45.6 ಶೇಕಡಾದಿಂದ 65.3ಕ್ಕೆ ಏರಿತು. ಅಪೆಂಡಿಕ್ಸ್ ಒಡೆದುಹೋದ ಮೇಲೆ ಆಪರೇಷನ್ ಆಗುವುದು 23.7ರಿಂದ 11.5ಕ್ಕೆ ಇಳಿಯಿತು. ಸುಮ್ನೆ ಹೊಟ್ಟೆ ತೆರೆಯುವುದೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಈ ಸಂಖ್ಯೆಗಳ ಹಿಂದೆ ಎಷ್ಟೊಂದು ಜನರ ಹೊಟ್ಟೆಗಳಿವೆ ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಕಂಪ್ಯೂಟರಿಗೆ ಮಾಹಿತಿ ಕೊಡಬೇಕಾದರೆ ಡಾಕ್ಟರುಗಳು ಮೊದಲು ಒಂದು ಫಾರಂ ತುಂಬಬೇಕಿತ್ತು. ನೋವಿನ ಜಾಗ, ಶುರುವಾದಾಗ ಎಲ್ಲಿತ್ತು, ಏನು ಮಾಡಿದರೆ ಹೆಚ್ಚಾಗುತ್ತದೆ, ಏನು ಮಾಡಿದರೆ ಕಡಿಮೆಯಾಗುತ್ತದೆ, ಹಿಂದೆ ಹೀಗೆ ಬಂದಿತ್ತೇ, ಒತ್ತಿ ಕೈ ಬಿಟ್ಟಾಗ ನೋವು ಚುರುಕ್ಕೆನ್ನುತ್ತದೆಯೇ. ಒಂದನ್ನೂ ಬಿಡುವ ಹಾಗಿಲ್ಲ. ಪ್ರತಿ ಪದಕ್ಕೂ ಎಲ್ಲರೂ ಒಪ್ಪಿದ ಒಂದೇ ಅರ್ಥ. ಜೊತೆಗೆ ಯಾವ ರೋಗಿಗೆ ಕೊನೆಗೆ ಏನಾಯಿತು ಅನ್ನುವ ಲೆಕ್ಕವೂ ಡಾಕ್ಟರುಗಳಿಗೆ ವಾಪಸ್ ಬರುತ್ತಿತ್ತು. ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲೇ ನಡೆದ ಅಧ್ಯಯನಗಳಲ್ಲಿ, ಕಂಪ್ಯೂಟರಿನ ಉತ್ತರ ತೋರಿಸದೆ ಬರೀ ಫಾರಂ ತುಂಬಿಸಿದಾಗಲೂ ನಿರ್ಣಯ ಸುಧಾರಿಸುವುದು ಕಂಡಿತು. ಹಾಗಾಗಿ ಲಾಭದ ಎಷ್ಟು ಪಾಲು ಯಂತ್ರದ್ದು, ಎಷ್ಟು ಪಾಲು ಕ್ರಮವಾಗಿ ಕೇಳಿ, ಮುಟ್ಟಿ, ಬರೆದುಕೊಂಡದ್ದರದ್ದು ಅನ್ನುವ ವಾದ ಆಗಲೇ ಶುರುವಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಪಾಲು ಎರಡನೆಯದರದ್ದು. ನಿಮ್ಮ ಮಗಳ ಡಾಕ್ಟರ್ ಅಂಕ ಕೂಡಿಸಿದ್ದರಿಂದ ನಿಮಗೆ ಆದ ಮುಖ್ಯ ಲಾಭವೂ ಅದೇ. ಐದು ಅನ್ನುವ ಸಂಖ್ಯೆ ಬಂದದ್ದಕ್ಕಿಂತ, ಆ ಸಂಖ್ಯೆ ಬರಿಸಲು ಅವರು ಎಂಟು ವಿಷಯಗಳನ್ನು ಒಂದೂ ಬಿಡದೆ ನೋಡಲೇಬೇಕಾಯಿತು ಅನ್ನುವುದು ದೊಡ್ಡದು. ರಾತ್ರಿ ಎರಡು ಗಂಟೆಗೆ, ಹತ್ತು ಜನ ಕಾಯುತ್ತಿರುವಾಗ, ದಣಿದ ತಲೆ ಮೊದಲು ಬಿಡುವುದು ಇಂಥವನ್ನೇ.

ಆ ಎಂಟು ವಿಷಯ ಯಾವುವು ಅಂತ ಹೇಳಿಬಿಡುತ್ತೇನೆ. ಅವರು ಬಳಸಿದ್ದು ಬಹುಶಃ ಆಲ್ವರಾಡೊ ಸ್ಕೋರ್. 1986ರಲ್ಲಿ ಆಲ್ಫ್ರೆಡೊ ಆಲ್ವರಾಡೊ ಎಂಬ ಡಾಕ್ಟರ್ ಪ್ರಕಟಿಸಿದ್ದು. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಸರಿದಿದ್ದರೆ ಒಂದು ಅಂಕ. ಹಸಿವು ಹೋಗಿದ್ದರೆ ಒಂದು. ವಾಕರಿಕೆ ಅಥವಾ ವಾಂತಿಗೆ ಒಂದು. ಬಲ ಕೆಳಹೊಟ್ಟೆ ಒತ್ತಿದಾಗ ನೋವಿದ್ದರೆ ಎರಡು. ಒತ್ತಿ ಕೈ ಬಿಟ್ಟಾಗ ನೋವು ಚುರುಕ್ಕೆಂದರೆ ಒಂದು. ಜ್ವರಕ್ಕೆ ಒಂದು. ರಕ್ತದಲ್ಲಿ ಬಿಳಿ ಕಣ ಜಾಸ್ತಿ ಇದ್ದರೆ ಎರಡು. ಆ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಜಾತಿಯವು ಜಾಸ್ತಿಯಾಗಿದ್ದರೆ ಒಂದು. ಒಟ್ಟು ಹತ್ತು. ಐದು, ಆರು ಬಂದರೆ ಅಪೆಂಡಿಸೈಟಿಸ್ ಇರಬಹುದು. ಏಳು, ಎಂಟಕ್ಕೆ ಸಾಧ್ಯತೆ ಜಾಸ್ತಿ. ಒಂಬತ್ತು, ಹತ್ತಕ್ಕೆ ಇನ್ನೂ ಜಾಸ್ತಿ.

ಸರಳವಾಗಿದೆ. ಆದರೆ ಇದರ ಹುಟ್ಟನ್ನು ಗಮನಿಸಿ. ಆಲ್ವರಾಡೊ ಇದನ್ನು ಕಟ್ಟಿದ್ದು ಅಪೆಂಡಿಸೈಟಿಸ್ ಇರಬಹುದು ಅನ್ನುವ ಅನುಮಾನದ ಮೇಲೆ ಆಗಲೇ ಆಸ್ಪತ್ರೆ ಸೇರಿದ್ದ 305 ರೋಗಿಗಳಿಂದ. ಅಂದರೆ ಒಬ್ಬ ಡಾಕ್ಟರ್ ಮೊದಲೇ ನೋಡಿ ಜರಡಿ ಹಿಡಿದಿದ್ದರು. ಆ ಜರಡಿ ಇಲ್ಲದೆ ಹೊಟ್ಟೆನೋವು ಅಂದವರಿಗೆಲ್ಲ ಈ ಸ್ಕೋರ್ ಹಾಕಿದರೆ ಅದೇ ಅಂಕದ ಅರ್ಥವೇ ಬದಲಾಗುತ್ತದೆ.

ಇದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಸಂಖ್ಯೆಗಳು ಸುಲಭವಾಗಲಿ ಅಂತ ನಾನೇ ಹಾಕಿಕೊಂಡವು. ಒಂದು ಸರ್ಜರಿ ವಾರ್ಡಿನಲ್ಲಿ ನೂರು ಜನ ಹೊಟ್ಟೆನೋವಿನವರು ಇದ್ದಾರೆ, ಅವರಲ್ಲಿ 30 ಜನರಿಗೆ ಅಪೆಂಡಿಸೈಟಿಸ್ ಅಂದುಕೊಳ್ಳಿ. ಒಂದು ಲಕ್ಷಣ ಈ ಕಾಯಿಲೆ ಇರುವವರಲ್ಲಿ 80 ಶೇಕಡಾ ಜನಕ್ಕೆ, ಇಲ್ಲದವರಲ್ಲಿ 30 ಶೇಕಡಾ ಜನಕ್ಕೆ ಕಾಣುತ್ತದೆ. ಹಾಗಾದರೆ ಆ 30ರಲ್ಲಿ 24 ಜನಕ್ಕೆ, ಉಳಿದ 70ರಲ್ಲಿ 21 ಜನಕ್ಕೆ ಲಕ್ಷಣ ಇದೆ. ಒಟ್ಟು 45 ಜನ, ಅವರಲ್ಲಿ 24 ಜನರಿಗೆ ನಿಜವಾಗಿ ಕಾಯಿಲೆ. ಅರ್ಧಕ್ಕಿಂತ ಜಾಸ್ತಿ. ಈಗ ಇದೇ ಲಕ್ಷಣವನ್ನು ಒಂದು ಸಾಮಾನ್ಯ ಕ್ಲಿನಿಕ್ಕಿನಲ್ಲಿ ನೋಡಿ. ಅಲ್ಲಿ ನೂರರಲ್ಲಿ ಐದೇ ಜನರಿಗೆ ಅಪೆಂಡಿಸೈಟಿಸ್. ಅವರಲ್ಲಿ ನಾಲ್ವರಿಗೆ ಲಕ್ಷಣ ಇದೆ. ಉಳಿದ 95ರಲ್ಲಿ 28 ಜನಕ್ಕೂ ಇದೆ. ಲಕ್ಷಣ ಇರುವ 32 ಜನರಲ್ಲಿ ಕಾಯಿಲೆ ಇರುವುದು ನಾಲ್ವರಿಗೆ, ಎಂಟರಲ್ಲಿ ಒಬ್ಬರಿಗೆ. ಲಕ್ಷಣ ಒಂದೇ, ಒತ್ತಿದ ಕೈ ಒಂದೇ ಇರಬಹುದು. ಉತ್ತರ ಮಾತ್ರ ಬೇರೆ. ಒಂದು ಊರಿನ ಆಸ್ಪತ್ರೆಯಲ್ಲಿ ಕಟ್ಟಿದ ಲೆಕ್ಕವನ್ನು ಇನ್ನೊಂದು ಕಡೆ ಹಾಗೆಯೇ ಇಟ್ಟರೆ ಅದು ಸೊರಗುವುದಕ್ಕೆ ಒಂದು ಕಾರಣ ಇದು.

ಇನ್ನೊಂದು ಕಾರಣ ಕೈಗಳದ್ದೇ. "ಒತ್ತಿ ಬಿಟ್ಟಾಗ ನೋವು" ಇದೆಯೋ ಇಲ್ಲವೋ ಅನ್ನುವುದರಲ್ಲಿ ಇಬ್ಬರು ಅನುಭವಿ ಡಾಕ್ಟರುಗಳೇ ಒಪ್ಪದಿರುವುದು ಮಾಮೂಲು. ಸ್ಕೋರ್ ನೋಡಲು ಗಣಿತದಂತೆ ಕಾಣುತ್ತದೆ, ಆದರೆ ಒಳಗೆ ಹೋಗುವ ಹತ್ತು ಅಂಕಗಳಲ್ಲಿ ಮೂರು ಯಾರದೋ ಬೆರಳ ತುದಿಯ ತೀರ್ಪು. ಲೀಡ್ಸ್‌ನ ಕಂಪ್ಯೂಟರ್ ತಾನಾಗಿ ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ಅದು ಗೆದ್ದದ್ದು ಡಾಕ್ಟರುಗಳು ಮುಟ್ಟಿ ಬರೆದುಕೊಟ್ಟ ಮಾಹಿತಿಯಿಂದ. ಈ ಮಾತನ್ನು ಸ್ಪರ್ಧೆಯ ಲೆಕ್ಕದಲ್ಲಿ ಬರೆಯುವವರು ಯಾವಾಗಲೂ ಬಿಟ್ಟುಬಿಡುತ್ತಾರೆ.

ಹಾಗಾದರೆ ಆಲ್ವರಾಡೊ ಸ್ಕೋರ್ ಪ್ರಯೋಜನವಿಲ್ಲವೇ? ಒಂದು ಕೆಲಸಕ್ಕೆ ಅದು ತುಂಬಾ ಚೆನ್ನಾಗಿದೆ. ಐದಕ್ಕಿಂತ ಕಡಿಮೆ ಬಂದರೆ ಅಪೆಂಡಿಸೈಟಿಸ್ ಇರುವ ಸಾಧ್ಯತೆ ಬಹಳ ಕಡಿಮೆ ಅಂತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನಡೆದ ಪರಿಶೀಲನೆ ತೋರಿಸಿತು. ಅದೇ ಪರಿಶೀಲನೆ ಇನ್ನೊಂದು ಮಾತನ್ನೂ ಹೇಳಿತು: ಹೆಂಗಸರಲ್ಲಿ ಈ ಸ್ಕೋರ್ ಅಪೆಂಡಿಸೈಟಿಸ್ ಸಾಧ್ಯತೆಯನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ತೋರಿಸುತ್ತದೆ. ಕಾರಣ ಊಹಿಸಬಹುದು. ಕೆಳಹೊಟ್ಟೆಯಲ್ಲಿ ಅಂಡಾಶಯ, ಗರ್ಭನಾಳಗಳೂ ಇವೆ. ಅವುಗಳ ತೊಂದರೆಯೂ ಅದೇ ಜಾಗದಲ್ಲಿ, ಅದೇ ರೀತಿ ನೋಯಬಹುದು. ಹಾಗಾಗಿ 19 ವರ್ಷದ ಹುಡುಗಿಯ ಐದು, ಅದೇ ವಯಸ್ಸಿನ ಹುಡುಗನ ಐದಕ್ಕೆ ಸಮ ಅಲ್ಲ. "ಬೆಳಗಿನ ತನಕ ನೋಡೋಣ" ಅಂದ ಡಾಕ್ಟರ್ ಸರಿಯಾಗಿಯೇ ಮಾಡಿದ್ದಾರೆ.

ಇಲ್ಲಿ ಎರಡು ಬಗೆಯ ತಪ್ಪುಗಳಿವೆ ಅನ್ನುವುದನ್ನು ನೆನಪಿಡಬೇಕು. ಇರುವ ಕಾಯಿಲೆಯನ್ನು ಕಾಣದೆ ಹೋಗುವುದು ಒಂದು. ಇಲ್ಲದ ಕಾಯಿಲೆಗೆ ಹೊಟ್ಟೆ ತೆರೆಯುವುದು ಇನ್ನೊಂದು. ಮೊದಲನೆಯದರ ಭಯ ಎಲ್ಲರಿಗೂ ಇದೆ, ಎರಡನೆಯದರ ಬಗ್ಗೆ ಮಾತೇ ಕಡಿಮೆ. ಬ್ರಿಟನ್ನಿನ 154 ಆಸ್ಪತ್ರೆಗಳ 5,345 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಅಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಹೆಂಗಸರಲ್ಲಿ 28.2 ಶೇಕಡಾ ಜನರದ್ದು ಆರೋಗ್ಯವಾಗಿದ್ದ ಅಪೆಂಡಿಕ್ಸ್. ಗಂಡಸರಲ್ಲಿ ಇದು 12.1 ಶೇಕಡಾ. ನಾಲ್ವರು ಹೆಂಗಸರಲ್ಲಿ ಒಬ್ಬರಿಗಿಂತ ಜಾಸ್ತಿ! ಇದು ಲೀಡ್ಸ್‌ನ ಪ್ರಯೋಗ ನಡೆದು ಐವತ್ತು ವರ್ಷದ ಸನಿಹದಲ್ಲಿ, ಸ್ಕ್ಯಾನ್ ಯಂತ್ರಗಳೆಲ್ಲ ಬಂದ ಮೇಲೆ. ಅದೇ ಅಧ್ಯಯನ ಹಲವು ಸ್ಕೋರುಗಳನ್ನು ಪರೀಕ್ಷಿಸಿ, ಅಪಾಯ ಕಡಿಮೆ ಇರುವವರನ್ನು ಗುರುತಿಸಲು ಹೆಂಗಸರಿಗೆ ಫಿನ್ಲೆಂಡಿನಲ್ಲಿ ರೂಪುಗೊಂಡ ಅಡಲ್ಟ್ ಅಪೆಂಡಿಸೈಟಿಸ್ ಸ್ಕೋರ್, ಗಂಡಸರಿಗೆ ಸ್ವೀಡನ್ನಿನ ಏರ್ ಸ್ಕೋರ್ ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಕಂಡುಕೊಂಡಿತು. ಏರ್ ಸ್ಕೋರ್ ಉರಿಯೂತವನ್ನು ತೋರಿಸುವ ರಕ್ತದ ಸಿಆರ್‌ಪಿ ಪರೀಕ್ಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ವೀಡನ್ನಿನಲ್ಲಿ ಅದರ ಪ್ರಕಾರ ನಡೆದಾಗ, ಅಪಾಯ ಕಡಿಮೆ ಇದ್ದವರಲ್ಲಿ ಸ್ಕ್ಯಾನೂ, ಆಸ್ಪತ್ರೆ ಸೇರುವುದೂ, ಸುಮ್ನೆ ಆಗುವ ಆಪರೇಷನ್ನೂ ಕಡಿಮೆಯಾದವು. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ವಯಸ್ಕರಿಗೆ ಈ ಎರಡನ್ನು ಮುಂದೆ ಇಡುತ್ತವೆ.

ಇನ್ನು ಡಾಕ್ಟರ ಅಂದಾಜಿನ ಬಲ ಎಲ್ಲಿದೆ? ಸ್ಕೋರ್ ತನಗೆ ಗೊತ್ತಿರುವ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಈ ರೋಗಿ ಈ ಪ್ರಶ್ನೆಗೆ ಸೇರಿದವರೇ ಅಲ್ಲ ಅಂತ ಅದಕ್ಕೆ ತಿಳಿಯುವುದಿಲ್ಲ. ಸೂತ್ರಗಳ ಪರ ವಾದಿಸಿದ ಮೀಲ್ ಅವರೇ ಇದಕ್ಕೆ ಒಂದು ಉದಾಹರಣೆ ಕೊಟ್ಟಿದ್ದರು. ಒಬ್ಬ ಮನುಷ್ಯ ಇಂದು ರಾತ್ರಿ ಸಿನಿಮಾಕ್ಕೆ ಹೋಗುತ್ತಾನೆ ಅಂತ ಸೂತ್ರ ಹೇಳುತ್ತದೆ. ಆದರೆ ಅವನು ಈಗಷ್ಟೇ ಕಾಲು ಮುರಿದುಕೊಂಡಿದ್ದಾನೆ ಅಂತ ನಿಮಗೆ ಗೊತ್ತು. ಆಗ ಸೂತ್ರವನ್ನು ಬದಿಗೆ ಇಡಬೇಕು.

ಹೊಟ್ಟೆನೋವಿನಲ್ಲಿ ಇಂಥ ಮುರಿದ ಕಾಲುಗಳು ಬೇಕಾದಷ್ಟಿವೆ. ಮೇಲ್ಹೊಟ್ಟೆ ಉರಿ, ಬೆವರು, ವಾಕರಿಕೆ ಅಂತ ಬಂದವರಿಗೆ ಆಗಿರುವುದು ಹೃದಯಾಘಾತ ಇರಬಹುದು. ಹುಡುಗನೊಬ್ಬ ನಾಚಿಕೆಯಿಂದ ಕೆಳಹೊಟ್ಟೆ ನೋವು ಅಂತ ಮಾತ್ರ ಹೇಳುತ್ತಾನೆ. ನಿಜವಾಗಿ ವೃಷಣ ತಿರುಚಿಕೊಂಡಿರುತ್ತದೆ, ಅದನ್ನು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದಾಗ ಹೊಟ್ಟೆನೋವು, ವಾಂತಿಯಿಂದಲೇ ಶುರುವಾಗಬಹುದು. ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ಕಟ್ಟಿಕೊಂಡು ಒಡೆದರೆ ಅದೂ ಕೆಳಹೊಟ್ಟೆ ನೋವೇ. ಅದಕ್ಕೇ ಮಗುವಾಗುವ ವಯಸ್ಸಿನ ಎಲ್ಲ ಹೆಣ್ಣುಮಕ್ಕಳಿಗೂ ಗರ್ಭ ಪರೀಕ್ಷೆ ಮಾಡಿಸುತ್ತೇವೆ. ನಿಮ್ಮ ಮಗಳಿಗೂ ಮಾಡಿಸಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅದು ಅನುಮಾನ ಅಲ್ಲ. ವಯಸ್ಸಾದವರೊಬ್ಬರು ಮೂತ್ರಪಿಂಡದ ಕಲ್ಲಿನ ಹಾಗೆ ಸೊಂಟದಿಂದ ನೋವು ಅಂದರೆ ಮಹಾಪಧಮನಿ ಊದಿ ಸೋರುತ್ತಿರಬಹುದು.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಕರುಳಿಗೆ ರಕ್ತ ನಿಂತುಹೋಗುವುದು. ರೋಗಿ ನೋವಿನಿಂದ ಒದ್ದಾಡುತ್ತಾರೆ, ಹೊಟ್ಟೆ ಒತ್ತಿದರೆ ಮೆತ್ತಗೇ ಇರುತ್ತದೆ. ಒತ್ತಿದಾಗಿನ ನೋವನ್ನೇ ಎಣಿಸುವ ಸ್ಕೋರ್ ಇಲ್ಲಿ ಸಮಾಧಾನ ಹೇಳುತ್ತದೆ. ನೋವಿಗೂ ಹೊಟ್ಟೆಗೂ ತಾಳೆ ಆಗುತ್ತಿಲ್ಲ ಅನ್ನುವುದೇ ಇಲ್ಲಿ ಲಕ್ಷಣ. ಅದನ್ನು ಹಿಡಿಯುವುದು ನೋಡಿ ಪಳಗಿದ ಕಣ್ಣು. ಹಾಗೆಯೇ ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ, ತುಂಬಾ ವಯಸ್ಸಾದವರಲ್ಲಿ ಒಳಗೆ ಕರುಳು ತೂತಾಗಿದ್ದರೂ ಹೊಟ್ಟೆ ಹೊರಗೆ ಏನೂ ಹೇಳದೆ ಇರಬಹುದು. ರೋಗಿ ಹೇಗೆ ಮಲಗಿದ್ದಾರೆ ಅನ್ನುವುದೂ ತುಂಬಾ ಹೇಳುತ್ತದೆ. ಹೊಟ್ಟೆಯ ಒಳಪೊರೆಗೆ ಉರಿಯೂತ ಆದವರು ಅಲುಗಾಡದೆ ಮಲಗುತ್ತಾರೆ, ಕೆಮ್ಮಲೂ ಹೆದರುತ್ತಾರೆ. ಕಲ್ಲಿನ ನೋವಿನವರು ಒಂದು ಕಡೆ ನಿಲ್ಲುವುದಿಲ್ಲ.

ಆದರೆ ಡಾಕ್ಟರುಗಳ ಎಲ್ಲ ಜಾಣ್ಮೆಯೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸರ್ಜನ್ ನೋಡುವ ತನಕ ನೋವಿನ ಮದ್ದು ಕೊಡಬಾರದು, ಕೊಟ್ಟರೆ ಲಕ್ಷಣ ಮುಚ್ಚಿಹೋಗಿ ನಿರ್ಣಯ ತಪ್ಪುತ್ತದೆ ಅಂತ ತಲೆಮಾರುಗಳಿಂದ ಕಲಿಸಿಕೊಂಡು ಬಂದಿದ್ದರು. ಪ್ರಯೋಗ ಮಾಡಿ ನೋಡಿದಾಗ, ಬಲವಾದ ನೋವುನಿವಾರಕ ಕೊಟ್ಟರೂ ತಪ್ಪು ನಿರ್ಣಯ ಹೆಚ್ಚಾಗುವುದಿಲ್ಲ ಅಂತ ತಿಳಿಯಿತು. ಅಷ್ಟು ಕಾಲ ಎಷ್ಟು ಜನ ಸುಮ್ನೆ ನರಳಿದರೋ. ಎಣಿಸದೆ ನಂಬಿದ ಅನುಭವಕ್ಕೆ ಇಂಥ ಬೆಲೆ ಇದೆ.

ಈಗ ಎಲ್ಲರೂ ಕೇಳುವುದು ಎಐ ಬಗ್ಗೆ. 2024ರಲ್ಲಿ ಮ್ಯೂನಿಕ್‌ನ ಸಂಶೋಧಕರು 2,400 ನಿಜವಾದ ರೋಗಿಗಳ ದಾಖಲೆ ತೆಗೆದುಕೊಂಡು ಭಾಷಾ ಮಾದರಿಗಳನ್ನು, ಅಂದರೆ ಬರಹ ಓದಿ ಉತ್ತರ ಬರೆಯುವ ಎಐಗಳನ್ನು, ಪರೀಕ್ಷಿಸಿದರು. ಎಲ್ಲರದ್ದೂ ಹೊಟ್ಟೆಯ ಕಾಯಿಲೆಯೇ: ಅಪೆಂಡಿಸೈಟಿಸ್, ಪಿತ್ತಕೋಶ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳಿನ ಚೀಲಗಳು. ಡಾಕ್ಟರುಗಳೇ ಸ್ಪಷ್ಟವಾಗಿ ಮುಂದಿದ್ದರು. ಆ ಮಾದರಿಗಳು ಬೇಕಾದ ಪರೀಕ್ಷೆಗಳನ್ನು ಕೇಳುತ್ತಿರಲಿಲ್ಲ, ರಕ್ತದ ವರದಿಯನ್ನು ತಪ್ಪಾಗಿ ಓದುತ್ತಿದ್ದವು. ಅದೇ ಮಾಹಿತಿಯನ್ನು ಹಿಂದೆಮುಂದೆ ಮಾಡಿ ಕೊಟ್ಟರೆ ಉತ್ತರವೇ ಬದಲಾಗುತ್ತಿತ್ತು. ಈ ಮಾದರಿಗಳು ಬೇಗ ಬದಲಾಗುತ್ತಿವೆ, ಹಾಗಾಗಿ ಇದನ್ನು ಕೊನೆಯ ತೀರ್ಪು ಅನ್ನುವುದಿಲ್ಲ. ಆದರೆ 1972ರ ಹಳೆಯ ಲೆಕ್ಕ ಹೀಗೆ ಅಲುಗಾಡುತ್ತಿರಲಿಲ್ಲ. ಯಾವ ಕ್ರಮದಲ್ಲಿ ಮಾಹಿತಿ ಕೊಟ್ಟರೂ ಅದು ಒಂದೇ ಉತ್ತರ ಕೊಡುತ್ತಿತ್ತು, ಯಾಕೆ ಅಂತ ಕಾಗದದ ಮೇಲೆ ಬಿಡಿಸಿ ತೋರಿಸಬಹುದಿತ್ತು. ಒಂದು ಸಾಧನಕ್ಕೆ ಅದು ದೊಡ್ಡ ಗುಣ.

ಹಾಗಾಗಿ "ಎಲ್ಲವನ್ನೂ ಯಂತ್ರಕ್ಕೆ ಯಾಕೆ ಬಿಟ್ಟಿಲ್ಲ" ಅನ್ನುವುದಕ್ಕೆ ನನ್ನ ಉತ್ತರ: ಯಂತ್ರಕ್ಕೆ ಕೊಡುವ ಮಾಹಿತಿ ಡಾಕ್ಟರ ಕೈಯಿಂದಲೇ ಬರಬೇಕು, ಮತ್ತು ಪಟ್ಟಿಯಲ್ಲಿ ಇಲ್ಲದ ಕಾಯಿಲೆ ಅದಕ್ಕೆ ಕಾಣುವುದಿಲ್ಲ. "ಅನುಭವ ಇದ್ದರೆ ಅಂಕ ಯಾಕೆ" ಅನ್ನುವುದಕ್ಕೆ: ಸಾಧ್ಯತೆಯ ಸಂಖ್ಯೆಯನ್ನು ನೆನಪಿನಿಂದ ತೆಗೆಯಬಾರದು, ಎಣಿಕೆಯಿಂದ ತೆಗೆಯಬೇಕು. ನನಗೆ ನಿಜವಾಗಿ ಬೇಸರ ತರಿಸುವುದು, ಐದು ಪ್ರಶ್ನೆ ಬಿಟ್ಟು ಎರಡನ್ನೇ ಕೇಳಿ ಅಂದಾಜು ಮಾಡುವವರೂ, ಹೊಟ್ಟೆಯ ಮೇಲೆ ಕೈ ಇಡದೆ ಅಂಕ ತುಂಬುವವರೂ. ಇಬ್ಬರೂ ಮಾಡುವುದು ಒಂದೇ ತಪ್ಪು.

ನಿಮ್ಮ ಮಗಳ ವಿಷಯದಲ್ಲಿ ನಡೆದ ಒಂದು ಸಂಗತಿಯನ್ನು ನೀವು ಹಗುರವಾಗಿ ಬರೆದಿದ್ದೀರಿ: ಬೆಳಿಗ್ಗೆ ಮತ್ತೆ ಪರೀಕ್ಷಿಸಿದರು. ಮಧ್ಯದ ಅಂಕ ಬಂದವರಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಕಡಿಮೆ. ಅಪೆಂಡಿಸೈಟಿಸ್ ಆಗಿದ್ದರೆ ಆರೆಂಟು ಗಂಟೆಯಲ್ಲಿ ಸಾಮಾನ್ಯವಾಗಿ ಚಿತ್ರ ಸ್ಪಷ್ಟವಾಗುತ್ತದೆ. ನೋವು ಒಂದೇ ಜಾಗದಲ್ಲಿ ನೆಲೆ ನಿಲ್ಲುತ್ತದೆ, ಬಿಳಿ ಕಣ, ಸಿಆರ್‌ಪಿ ಏರುತ್ತವೆ. ಅಲ್ಲದಿದ್ದರೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಸಂಶಯ ಉಳಿದರೆ ಅಲ್ಟ್ರಾಸೌಂಡ್, ಬೇಕಾದರೆ ಸಿಟಿ ಸ್ಕ್ಯಾನ್ ಇವೆ. ಮುಂದೆ ಯಾವತ್ತಾದರೂ ಇಂಥ ಸಂದರ್ಭ ಬಂದರೆ, ಸ್ಕೋರ್ ಎಷ್ಟು ಅಂತ ಕೇಳುವುದರ ಜೊತೆಗೆ "ಮತ್ತೆ ಯಾವಾಗ ಪರೀಕ್ಷಿಸುತ್ತೀರಿ, ಯಾರು ಪರೀಕ್ಷಿಸುತ್ತಾರೆ?" ಅಂತ ಕೇಳಿ. ಸಾಧ್ಯವಾದರೆ ಮೊದಲು ನೋಡಿದವರೇ ಮತ್ತೆ ನೋಡಲಿ. ಬದಲಾವಣೆ ಅವರ ಕೈಗೆ ಬೇಗ ತಿಳಿಯುತ್ತದೆ.

ಕೊನೆಯ ಪ್ರಶ್ನೆ, ಫೋನಿನಲ್ಲಿ ಸ್ಕೋರ್ ಹಾಕಿಕೊಳ್ಳುವುದು. ಬೇಡ. ಹತ್ತು ಅಂಕಗಳಲ್ಲಿ ಮೂರು ರಕ್ತ ಪರೀಕ್ಷೆಯಿಂದ ಬರಬೇಕು, ಇನ್ನು ಮೂರು ಕಲಿತ ಕೈಯಿಂದ ಬರಬೇಕು. ಮನೆಯಲ್ಲಿ ಸಿಗುವುದು ಉಳಿದ ನಾಲ್ಕು. ಅಷ್ಟರಿಂದ ಕಡಿಮೆ ಅಂಕ ಬಂತು ಅಂತ ಮನೆಯಲ್ಲೇ ಉಳಿದರೆ ಅಪಾಯ. ಅದರ ಬದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ನೋವು ಎಷ್ಟು ಗಂಟೆಗೆ ಶುರುವಾಯಿತು, ಮೊದಲು ಎಲ್ಲಿತ್ತು, ಈಗ ಎಲ್ಲಿದೆ, ವಾಂತಿ ನೋವಿಗೆ ಮೊದಲೋ ಆಮೇಲೋ, ಕೊನೆಯ ಸಲ ಮುಟ್ಟಾದ ದಿನ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಯಾವ ಸ್ಕೋರ್ ಹಾಕಿದರೂ, ಯಾವ ಡಾಕ್ಟರ್ ನೋಡಿದರೂ ಈ ಮಾಹಿತಿ ಅವರಿಗೆ ಬೇಕೇ ಬೇಕು. ನೋವು ಕೆಲವು ಗಂಟೆಗಳಿಂದ ಬಿಡದೆ ಹೆಚ್ಚುತ್ತಿದ್ದರೆ, ನಡೆದರೆ ಕೆಮ್ಮಿದರೆ ಚುಚ್ಚುತ್ತಿದ್ದರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ವಾಂತಿ ನಿಲ್ಲದಿದ್ದರೆ ಅಥವಾ ಹಸಿರಾಗಿ ಬಂದರೆ, ವಾಂತಿಯಲ್ಲಿ ಮಲದಲ್ಲಿ ರಕ್ತ ಕಂಡರೆ, ತಲೆಸುತ್ತಿ ಬಿದ್ದರೆ, ಎದೆ ಅಥವಾ ವೃಷಣದಲ್ಲೂ ನೋವಿದ್ದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಹೊರಡಿ. ವಯಸ್ಸಾದವರಾದರೆ ನೋವು ಸ್ವಲ್ಪವೇ ಅನ್ನಿಸಿದರೂ ತಡ ಮಾಡಬೇಡಿ.